ಅಂಕ ಕೊಡುವವರು ಯಾರು?

ಮಾನ್ಯರೇ,

ಜೀವವಿಕಾಸದಿಂದ ಕಂಪ್ಯೂಟರ್ ವಿಜ್ಞಾನ ಕಲಿತದ್ದೇನು ಎಂಬ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಜಯನಗರದಿಂದ ನೀವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ನಿಮ್ಮ ಮಾತಿನಲ್ಲೇ ಇರಲಿ: “ಕಂಪ್ಯೂಟರಿನೊಳಗೆ ಉತ್ತರಗಳು ವಿಕಾಸಗೊಳ್ಳುತ್ತವೆ ಎನ್ನುತ್ತೀರಿ. ಆದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಅಲ್ಲಿ ಎಂಜಿನಿಯರ್ ಮೊದಲೇ ಬರೆದಿಟ್ಟಿರುತ್ತಾನೆ. ಕಾಡಿನಲ್ಲಿ ಅಂಕ ಕೊಡುವವರು ಯಾರು? ಯಾರೂ ಇಲ್ಲವೆಂದರೆ ನಿಮ್ಮ ಹೋಲಿಕೆ ಸುಳ್ಳು. ಇದ್ದಾರೆಂದರೆ ಡಾರ್ವಿನ್ ಸುಳ್ಳು.” ಎರಡನೆಯದು ನಿಮ್ಮ ಮಗಳ ಕುರಿತದ್ದು. ಪಿಯುಸಿಯಲ್ಲಿ ಪಿಸಿಎಂಸಿ ಆರಿಸಿಕೊಂಡು ಜೀವಶಾಸ್ತ್ರಕ್ಕೆ ಕೈಮುಗಿದವಳು ಈಗ ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಅವಳಿಗೆ ಇದೆಲ್ಲ ಏಕೆ ಬೇಕು ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಯೇ ಈ ವಿಷಯದ ನಾಡಿ. ಓದುಗರ ಅಂಕಣದಲ್ಲಿ ನಾಲ್ಕು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ, ಹಾಗಾಗಿ ಈ ದೀರ್ಘ ಉತ್ತರ.

ಕಂಪ್ಯೂಟರ್ ವಿಜ್ಞಾನ ಎಳೆಯದಾಗಿದ್ದಾಗಲೇ ಈ ತೊಡಕು ಅದರ ಬೆನ್ನಿಗಿತ್ತು. ಯಂತ್ರ ಯೋಚಿಸಬಲ್ಲದೇ ಎಂದು ಕೇಳಿದ 1950ರ ಪ್ರಸಿದ್ಧ ಪ್ರಬಂಧದ ಕೊನೆಯ ಭಾಗದಲ್ಲಿ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್, ದೊಡ್ಡವರ ಬುದ್ಧಿಯನ್ನು ಅನುಕರಿಸುವ ಯಂತ್ರಕ್ಕೆ ಕೈಹಾಕುವ ಬದಲು ಮಗುವಿನಂಥ ಯಂತ್ರವೊಂದನ್ನು ಮಾಡಿ ಅದಕ್ಕೆ ಕಲಿಸೋಣ ಎಂದರು. ಮಗು-ಯಂತ್ರ ಮೊದಲ ಸಲಕ್ಕೇ ಸರಿಯಾಗಿ ಬರುವುದಿಲ್ಲ. ಒಂದಾದ ಮೇಲೊಂದು ಮಾಡಿ ನೋಡಬೇಕು. ಇದಕ್ಕೂ ಜೀವವಿಕಾಸಕ್ಕೂ ನಂಟಿದೆ ಎಂದು ಹೇಳಿ ಮೂರು ಜೋಡಿಗಳನ್ನು ಕೊಟ್ಟರು. ಯಂತ್ರದ ರಚನೆ ಎಂದರೆ ಆನುವಂಶಿಕ ವಸ್ತು, ಅದರಲ್ಲಿ ಆಗುವ ಬದಲಾವಣೆ ಎಂದರೆ ಮ್ಯುಟೇಶನ್, ಪ್ರಯೋಗ ಮಾಡುವವರ ತೀರ್ಮಾನ ಎಂದರೆ ನಿಸರ್ಗದ ಆಯ್ಕೆ. ಈ ಮೂರನೆಯ ಜೋಡಿಯಲ್ಲೇ ನಿಮ್ಮ ಪ್ರಶ್ನೆ ಕುಳಿತಿದೆ. ಪ್ರಯೋಗ ಮಾಡುವವರು ಮುಂದಿನದನ್ನು ಯೋಚಿಸಬಲ್ಲರು, ನಿಸರ್ಗಕ್ಕೆ ಮುಂದಾಲೋಚನೆಯೇ ಇಲ್ಲ. ಟ್ಯೂರಿಂಗ್ ಅವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಬದುಕಿ ಉಳಿದದ್ದನ್ನು ನೋಡಿ ಗುಣ ಅಳೆಯುವ ವಿಧಾನ ನಿಧಾನದ್ದು, ಬುದ್ಧಿ ಬಳಸಿ ಅದನ್ನು ಚುರುಕುಗೊಳಿಸಬಹುದು ಎಂದು ಅವರು ಆಶಿಸಿದ್ದರು.

ಹಾಗಾದರೆ ಹೋಲಿಕೆ ಸುಳ್ಳೇ? ಡಾರ್ವಿನ್ ಅವರನ್ನೇ ಕೇಳೋಣ. 1859ರ ಅವರ ಗ್ರಂಥ ಕಾಡಿನಿಂದ ಆರಂಭವಾಗುವುದಿಲ್ಲ. ಮೊದಲ ಅಧ್ಯಾಯ ಸಾಕುಪ್ರಾಣಿ ಮತ್ತು ಬೆಳೆಗಳದ್ದು, ಅದರಲ್ಲಿ ದೊಡ್ಡ ಪಾಲು ಪಾರಿವಾಳಗಳದ್ದು. ಅವರು ಸ್ವತಃ ಪಾರಿವಾಳ ಸಾಕಿದರು, ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ಬುಗಳಿಗೆ ಸೇರಿದರು. ಬೀಸಣಿಗೆಯಂತೆ ಬಾಲ ಬಿಚ್ಚುವ ತಳಿ, ಎದೆ ಉಬ್ಬಿಸುವ ತಳಿ, ಹಾರುತ್ತಲೇ ಪಲ್ಟಿ ಹೊಡೆಯುವ ತಳಿ ಎಲ್ಲವೂ ಒಂದೇ ಕಾಡು ಪಾರಿವಾಳದಿಂದ ಬಂದವು ಎಂದು ತೋರಿಸಿದರು. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಗೂಡುಕಟ್ಟುವುದೂ ಅದೇ ಪ್ರಭೇದ, ಪಂದ್ಯಕ್ಕೆಂದು ಇಲ್ಲಿ ಸಾಕುವ ಪಾರಿವಾಳಗಳೂ ಅದೇ ಪ್ರಭೇದ. ತಳಿಗಾರ ಅಂಕ ಕೊಡುತ್ತಾನೆ ಎಂಬುದನ್ನು ಡಾರ್ವಿನ್ ಮರೆಮಾಚಲಿಲ್ಲ. ಅದನ್ನು ಮೊದಲು ಸ್ಪಷ್ಟವಾಗಿ ತೋರಿಸಿ, ಅನಂತರ ತಳಿಗಾರನನ್ನು ತೆಗೆದರೂ ಕೆಲಸ ನಿಲ್ಲುವುದಿಲ್ಲ ಎಂದು ವಾದಿಸಿದರು. ಹುಟ್ಟುವ ಮರಿಗಳೆಲ್ಲ ಬದುಕುವುದಿಲ್ಲ, ಎಲ್ಲವೂ ಒಂದೇ ತರಹ ಇರುವುದಿಲ್ಲ, ಬದುಕಿದವು ತಮ್ಮ ಗುಣಗಳನ್ನು ಮಕ್ಕಳಿಗೆ ಬಿಟ್ಟುಹೋಗುತ್ತವೆ. ಇಷ್ಟಿದ್ದರೆ ಸಾಕು, ಮೇಲೆ ಕುಳಿತು ಅಂಕ ಕೊಡುವವರು ಬೇಕಿಲ್ಲ. ಎಷ್ಟು ಸಂತತಿ ಉಳಿಯಿತು ಎಂಬ ಎಣಿಕೆಯೇ ಅಲ್ಲಿನ ಅಂಕ, ಅದೂ ಎಲ್ಲ ಮುಗಿದ ಮೇಲೆ ನಾವು ಹಿಂತಿರುಗಿ ನೋಡಿ ಕೊಡುವ ಹೆಸರು.

ಈಗ ಕಂಪ್ಯೂಟರಿಗೆ ಬನ್ನಿ. ಕಾಲೇಜೊಂದರ ಪರೀಕ್ಷಾ ವೇಳಾಪಟ್ಟಿ ತಯಾರಿಸಬೇಕು. ಯಾವ ವಿದ್ಯಾರ್ಥಿಗೂ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬೀಳಬಾರದು. ನೂರಾರು ವೇಳಾಪಟ್ಟಿಗಳನ್ನು ಕಣ್ಣುಮುಚ್ಚಿ ಬರೆಸಿ, ಪ್ರತಿಯೊಂದರಲ್ಲೂ ಎಷ್ಟು ಘರ್ಷಣೆಗಳಿವೆ ಎಂದು ಎಣಿಸುತ್ತಾರೆ. ಕಡಿಮೆ ಇರುವವುಗಳನ್ನು ಉಳಿಸಿಕೊಂಡು, ಒಂದರ ಅರ್ಧವನ್ನು ಇನ್ನೊಂದರ ಅರ್ಧಕ್ಕೆ ಜೋಡಿಸಿ, ಅಲ್ಲಲ್ಲಿ ಒಂದೆರಡು ಪರೀಕ್ಷೆಗಳನ್ನು ಹೇಗೆಂದರೆ ಹಾಗೆ ಸರಿಸಿ ಹೊಸ ಪೀಳಿಗೆಯನ್ನು ಮಾಡುತ್ತಾರೆ. ಮತ್ತೆ ಎಣಿಕೆ, ಮತ್ತೆ ಆಯ್ಕೆ. ಜೆನೆಟಿಕ್ ಅಲ್ಗಾರಿದಮ್ ಎಂದರೆ ಇಷ್ಟೇ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಜಾನ್ ಹಾಲೆಂಡ್ ಇದಕ್ಕೊಂದು ಗಣಿತದ ತಳಹದಿ ಹಾಕಿ 1975ರಲ್ಲಿ ಗ್ರಂಥ ಪ್ರಕಟಿಸಿದರು. ಅದಕ್ಕೂ ಮೊದಲು, 1960ರ ದಶಕದಲ್ಲೇ, ಬರ್ಲಿನ್ನಿನಲ್ಲಿ ಇಂಗೊ ರೆಖೆನ್‌ಬರ್ಗ್ ಮತ್ತು ಹ್ಯಾನ್ಸ್-ಪಾಲ್ ಶ್ವೆಫೆಲ್ ಇದೇ ಬಗೆಯ ಹುಡುಕಾಟ ನಡೆಸಿದ್ದರು. ಕೀಲುಗಳಿರುವ ತಗಡೊಂದನ್ನು ಗಾಳಿಸುರಂಗದಲ್ಲಿಟ್ಟು, ಅದರ ಮಡಿಕೆಗಳನ್ನು ಗೊತ್ತುಗುರಿಯಿಲ್ಲದೆ ಸ್ವಲ್ಪಸ್ವಲ್ಪವೇ ಬದಲಿಸುತ್ತ, ಗಾಳಿಯ ತಡೆ ಕಡಿಮೆಯಾದದ್ದನ್ನು ಮಾತ್ರ ಉಳಿಸಿಕೊಳ್ಳುತ್ತ ಹೋದರು. ಇವೆಲ್ಲದರಲ್ಲೂ ಎಂಜಿನಿಯರ್ ನಿಂತಿರುವುದು ತಳಿಗಾರನ ಜಾಗದಲ್ಲಿ. ಡಾರ್ವಿನ್ ಅವರ ಮೊದಲ ಅಧ್ಯಾಯಕ್ಕೆ ಈ ಹೋಲಿಕೆ ಪೂರ್ತಿ ಸಲ್ಲುತ್ತದೆ. ಮುಂದಿನ ಅಧ್ಯಾಯಗಳಿಗೆ ಸಲ್ಲುವುದಿಲ್ಲ ಎಂಬ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ.

ಆದರೆ ತಳಿಗಾರನೇ ಇಲ್ಲದ ಪ್ರಯೋಗಗಳೂ ಕಂಪ್ಯೂಟರಿನಲ್ಲಿ ನಡೆದಿವೆ. ಅವು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ ಎಂಬುದು ನನ್ನ ಕೊರಗು.

1953ರಲ್ಲಿ ನಿಲ್ಸ್ ಬ್ಯಾರಿಸೆಲ್ಲಿ ಎಂಬ ವಿಜ್ಞಾನಿ ಪ್ರಿನ್ಸ್‌ಟನ್ನಿಗೆ ಹೋದರು. ಅಲ್ಲಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಕಟ್ಟಿಸಿದ್ದ ಕಂಪ್ಯೂಟರಿಗೆ ಇದ್ದ ಮೆಮೊರಿ ಸುಮಾರು 5 ಕಿಲೋಬೈಟ್. ಅದರೊಳಗೆ ಬ್ಯಾರಿಸೆಲ್ಲಿ ಅಂಕಿಗಳನ್ನು ಬಿತ್ತಿ, ಅವು ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ, ಒಂದಕ್ಕೊಂದು ಡಿಕ್ಕಿಯಾದಾಗ ಬದಲಾಗುವ ಕೆಲವು ನಿಯಮಗಳನ್ನಷ್ಟೇ ಕೊಟ್ಟರು. ಯಾವ ಅಂಕಿ ಒಳ್ಳೆಯದು ಎಂದು ಅವರು ಎಲ್ಲೂ ಬರೆಯಲಿಲ್ಲ. ಆದರೂ ಕೆಲವು ಅಂಕಿಗಳು ಗುಂಪುಗೂಡಿ, ಒಂದು ಇನ್ನೊಂದರ ನೆರವಿನಿಂದ ಮಾತ್ರ ಉಳಿಯುವಂಥ ಮಾದರಿಗಳಾದವು. ಡಿಎನ್‌ಎಯ ಎರಡೆಳೆಯ ಸುರುಳಿ ಗೊತ್ತಾದದ್ದೂ ಅದೇ ವರ್ಷ ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಇದನ್ನು ಬಹುದೂರ ಒಯ್ದವರು ಟಾಮಸ್ ರೇ. ಕೋಸ್ಟರಿಕಾದ ಮಳೆಕಾಡಿನಲ್ಲಿ ಕೆಲಸ ಮಾಡಿದ್ದ ಈ ಪರಿಸರ ವಿಜ್ಞಾನಿ 1990ರಲ್ಲಿ ‘ಟಿಯೆರಾ’ ಎಂಬ ಪುಟ್ಟ ಲೋಕವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅವರು ಕೈಯಾರೆ ಬರೆದದ್ದು ಒಂದೇ ಜೀವಿಯನ್ನು: 80 ಆದೇಶಗಳ, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಒಂದು ಪ್ರೋಗ್ರಾಂ. ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಾಗಲು ಬಿಟ್ಟರು. ಮೆಮೊರಿ ತುಂಬಿದಾಗ ಹಳೆಯವು ಅಳಿಯುವ ವ್ಯವಸ್ಥೆ ಮಾಡಿದರು. ಹೆಚ್ಚು ಹೊತ್ತಾಗಲಿಲ್ಲ, ಕೇವಲ 45 ಆದೇಶಗಳ ಪ್ರೋಗ್ರಾಂ ಒಂದು ಕಾಣಿಸಿಕೊಂಡಿತು. ನಕಲು ಮಾಡುವ ಭಾಗವೇ ಅದರಲ್ಲಿರಲಿಲ್ಲ! ಅಕ್ಕಪಕ್ಕದ ಪ್ರೋಗ್ರಾಮಿನ ಆ ಭಾಗವನ್ನೇ ಬಳಸಿಕೊಂಡು ಅದು ವಂಶ ಬೆಳೆಸುತ್ತಿತ್ತು. ಅದು ಅಪ್ಪಟ ಪರಾವಲಂಬಿ. ಮುಂದೆ ಅದನ್ನು ತಡೆದುಕೊಳ್ಳುವ ಪ್ರೋಗ್ರಾಂಗಳು ಹುಟ್ಟಿದವು, ಪರಾವಲಂಬಿಯನ್ನೇ ತಮಗಾಗಿ ದುಡಿಸಿಕೊಳ್ಳುವವೂ ಹುಟ್ಟಿದವು. ಪರಾವಲಂಬಿ ಬೇಕೆಂದು ರೇ ಒಂದು ಸಾಲನ್ನೂ ಬರೆದಿರಲಿಲ್ಲ, ಯಾರಿಗೂ ಅಂಕ ಕೊಟ್ಟಿರಲಿಲ್ಲ. ಜಾಗ ಸೀಮಿತ, ನಕಲಿನಲ್ಲಿ ತಪ್ಪು ಸಹಜ, ಸಾವು ಖಚಿತ: ಈ ಮೂರರಿಂದಲೇ ಅದು ಬಂತು. ಲೋಕದ ನಿಯಮಗಳನ್ನು ಬರೆದವರು ರೇ ತಾನೇ ಎಂದು ನೀವು ಕೇಳಬಹುದು. ನಿಜ. ಆದರೆ ಗುರುತ್ವಾಕರ್ಷಣೆಯ ನಿಯಮ ಇದ್ದ ಮಾತ್ರಕ್ಕೆ ನದಿಯ ತಿರುವುಗಳನ್ನು ಯಾರೋ ಗೆರೆ ಎಳೆದು ನಿಶ್ಚಯಿಸಿದರು ಎಂದಾಗುವುದಿಲ್ಲವಲ್ಲ.

ಅಂಕ ಕೊಡುವವರಿದ್ದರೂ ಬೇಕಾದದ್ದೇ ಸಿಗುತ್ತದೆ ಎಂಬ ಭರವಸೆಯಿಲ್ಲ. 1994ರಲ್ಲಿ ಕಾರ್ಲ್ ಸಿಮ್ಸ್ ಕಂಪ್ಯೂಟರಿನೊಳಗಿನ ಜೀವಿಗಳಿಗೆ ಚಲಿಸಲು ಕಲಿಸುವಾಗ, ದೂರ ಸಾಗಿದ್ದಕ್ಕೆ ಅಂಕವಿಟ್ಟರೆ ಎತ್ತರಕ್ಕೆ ಬೆಳೆದು ಧೊಪ್ಪನೆ ಬೀಳುವ ಜೀವಿಗಳು ಬಂದುಬಿಡುತ್ತಿದ್ದವು. ಬಿದ್ದರೂ ದೂರ ದೂರವೇ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಏಡ್ರಿಯನ್ ಥಾಮ್ಸನ್ 1990ರ ದಶಕದಲ್ಲಿ ಮಾಡಿದ್ದು ಇದಕ್ಕಿಂತ ಸ್ವಾರಸ್ಯಕರ. ಬೇಕಾದಂತೆ ಜೋಡಣೆ ಬದಲಿಸಬಹುದಾದ ಎಲೆಕ್ಟ್ರಾನಿಕ್ ಚಿಪ್ಪಿನ 100 ಕೋಶಗಳನ್ನು, ಎಂದರೆ ಪುಟ್ಟ ಘಟಕಗಳನ್ನು, ವಿಕಾಸಕ್ಕೆ ಬಿಟ್ಟು, 1 ಕಿಲೋಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಸಂಕೇತಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದಕ್ಕೆ ಅಂಕ ಕೊಟ್ಟರು. ಸಾವಿರಾರು ಪೀಳಿಗೆಗಳ ನಂತರ ಆ ವಿದ್ಯುನ್ಮಂಡಲ (ಸರ್ಕಿಟ್) ಸೊಗಸಾಗಿ ಕೆಲಸ ಮಾಡಿತು. ಬಿಡಿಸಿ ನೋಡಿದರೆ, ಉಳಿದ ಯಾವುದಕ್ಕೂ ತಂತಿಯ ಸಂಪರ್ಕವೇ ಇಲ್ಲದ ಕೆಲವು ಕೋಶಗಳಿದ್ದವು. ಅವುಗಳನ್ನು ಸುಮ್ಮನಾಗಿಸಿದರೆ ಕೆಲಸ ಕೆಡುತ್ತಿತ್ತು. ಆ ಚಿಪ್ಪಿನ ಭೌತಿಕ ಗುಣಗಳನ್ನೇ ಮಂಡಲ ಬಳಸಿಕೊಂಡಿತ್ತು. ಚಿಪ್ಪಿನ ಬೇರೆ ಮೂಲೆಗೆ ಸರಿಸಿದರೆ, ಪ್ರಯೋಗಾಲಯದ ತಾಪಮಾನ ಹೆಚ್ಚು ಬದಲಾದರೆ ಅದು ಎಡವುತ್ತಿತ್ತು. ಬೇರೆ ಕಡೆಯೂ ಕೆಲಸ ಮಾಡಬೇಕು ಎಂದು ಯಾರೂ ಅಂಕದಲ್ಲಿ ಬರೆದಿರಲಿಲ್ಲ.

ಇದೇ ವಿಧಾನ ಬಹಳ ಉಪಕಾರಿಯೂ ಹೌದು. ನಾಸಾ 2006ರ ಮಾರ್ಚ್‌ನಲ್ಲಿ ಹಾರಿಸಿದ ಎಸ್‌ಟಿ5 ಯೋಜನೆಯ 3 ಪುಟ್ಟ ಉಪಗ್ರಹಗಳಲ್ಲಿ ಹೀಗೆ ವಿಕಾಸಗೊಂಡ ಆಂಟೆನಾ ಇತ್ತು. ಅಡ್ಡಾದಿಡ್ಡಿ ತಿರುಚಿದ ಆ ತಂತಿಯನ್ನು ಯಾವ ಎಂಜಿನಿಯರೂ ಕಾಗದದ ಮೇಲೆ ಬರೆಯುತ್ತಿರಲಿಲ್ಲ.

ಅಂಕದಲ್ಲಿ ಬರೆಯದ್ದೂ ಬಂದುಬಿಡುವುದಕ್ಕೆ ಜೀವಂತ ಪ್ರಾಣಿಗಳಲ್ಲಿ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಅವರ ಸಂಗಡಿಗರು, ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಹಣ್ಣಿನ ನೊಣಗಳನ್ನಷ್ಟೇ ಮುಂದಿನ ಪೀಳಿಗೆಗೆ ಆಯ್ದುಕೊಳ್ಳುತ್ತ ಬಂದರು. ಬೆಳವಣಿಗೆ ಬೇಗನೆ ಆಯಿತು. ಜೊತೆಗೆ ನೊಣಗಳು ಚಿಕ್ಕವಾದವು, ಮರಿಹುಳುಗಳು ತಿನ್ನುವ ವೇಗ ಕುಗ್ಗಿತು, ಸಾಮಾನ್ಯ ನೊಣಗಳ ಮರಿಗಳೊಡನೆ ಸ್ಪರ್ಧಿಸುವ ಶಕ್ತಿ ತಗ್ಗಿತು. ಕೊನೆಗೆ ಮೂಲ ಬಳಗದೊಡನೆ ಕೂಡುವುದಕ್ಕೂ ಭಾಗಶಃ ಅಡ್ಡಿ ತಲೆದೋರಿತು. ಇವ್ಯಾವುದನ್ನೂ ಯಾರೂ ಆಯ್ದಿರಲಿಲ್ಲ. ಆಯ್ದದ್ದು ವೇಗವನ್ನು ಮಾತ್ರ; ಉಳಿದದ್ದು ಬೆನ್ನಿಗೆ ಬಂತು. ಥಾಮ್ಸನ್ ಅವರ ಚಿಪ್ಪನ್ನೂ ಜಕ್ಕೂರಿನ ನೊಣವನ್ನೂ ಒಟ್ಟಿಗೆ ಇಟ್ಟು ಕಲಿಸುವ ತರಗತಿಯೊಂದು ಈ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇರಬೇಕೆಂದು ನನ್ನ ಬಲವಾದ ಆಸೆ.

ಇನ್ನೊಂದು ಮಾತು. ವಿಕಾಸವೆಂದರೆ ಮೇಲಕ್ಕೇರುವ ಮೆಟ್ಟಿಲು ಎಂಬ ಭಾವನೆ ನಿಮ್ಮ ಪತ್ರದ ಒಂದೆರಡು ವಾಕ್ಯಗಳಲ್ಲಿ ಕಾಣುತ್ತದೆ. ಅದು ಹಾಗಲ್ಲ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರ ಎದೆಯವರೆಗೆ ಇಳಿದು, ಮಹಾಪಧಮನಿಯನ್ನು ಸುತ್ತಿ, ಮತ್ತೆ ಗಂಟಲಿಗೆ ಏರುತ್ತದೆ. ಜಿರಾಫೆಯಲ್ಲಿ ಈ ಸುತ್ತು ಹಲವು ಮೀಟರ್ ಉದ್ದ. ನಮ್ಮ ಮೀನಿನಂಥ ಪೂರ್ವಜರಲ್ಲಿ ಆ ದಾರಿ ನೇರವಾಗಿತ್ತು. ಕುತ್ತಿಗೆ ಬೆಳೆದಂತೆ ನರವೂ ಎಳೆದುಕೊಂಡಿತು, ಬಿಚ್ಚಿ ಮತ್ತೆ ಜೋಡಿಸುವ ಅವಕಾಶ ಯಾವ ಪೀಳಿಗೆಗೂ ಸಿಗಲಿಲ್ಲ. ಒಳಗೆ ಸಂಸಾರ ಮಾಡಿಕೊಂಡೇ ಮಹಡಿಯ ಮೇಲೆ ಮಹಡಿ ಏರಿಸಿದ ಹಳೆಯ ಮನೆಯ ನೀರಿನ ಪೈಪು ಹೀಗೆಯೇ ಸುತ್ತಿಕೊಂಡಿರುತ್ತದೆ. ವರ್ಷಗಳಿಂದ ನಿಲ್ಲಿಸದೆ ಓಡಿಸುತ್ತಿರುವ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಇನ್ನು ನಿಮ್ಮ ಮಗಳ ವಿಷಯ. ಯಂತ್ರಕ್ಕೆ ದತ್ತಾಂಶದಿಂದ ಕಲಿಸುವ ಮಷೀನ್ ಲರ್ನಿಂಗ್ ಅನ್ನು ಅವಳು ಅಭ್ಯಾಸ ಮಾಡುತ್ತಿದ್ದರೆ ಐರಿಸ್ ಹೂಗಳ ದತ್ತಾಂಶವನ್ನು ನೋಡಿಯೇ ಇರುತ್ತಾಳೆ: 3 ಪ್ರಭೇದ, 150 ಹೂಗಳು, ಪ್ರತಿ ಹೂವಿಗೆ 4 ಅಳತೆ. ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಕಲೆಹಾಕಿದ ಈ ಅಳತೆಗಳನ್ನು 1936ರಲ್ಲಿ ಪ್ರಕಟಿಸಿದವರು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್. ಡಾರ್ವಿನ್ ಮತ್ತು ಮೆಂಡೆಲ್ ಅವರನ್ನು ಗಣಿತದಿಂದ ಬೆಸೆದವರಲ್ಲಿ ಫಿಶರ್ ಪ್ರಮುಖರು. 1930ರ ಅವರ ಗ್ರಂಥವೇ ಹಾಲೆಂಡ್ ಅವರಿಗೆ ಪ್ರೇರಣೆಯಾಯಿತು. ಜೀವಶಾಸ್ತ್ರವನ್ನು ಬಿಟ್ಟೆ ಎಂದುಕೊಂಡ ಹುಡುಗಿ ಅದರ ಅಂಗಳದಲ್ಲೇ ಓಡಾಡುತ್ತಿದ್ದಾಳೆ.

ಆದರೆ ಐರಿಸ್ ಹೂಗಳ ಆ ಪ್ರಬಂಧ ಬಂದದ್ದು ಸುಪ್ರಜನನ ಶಾಸ್ತ್ರದ ಪತ್ರಿಕೆಯಲ್ಲಿ, ಯಾವ ಮನುಷ್ಯರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ತೀರ್ಮಾನಿಸಲು ಹೊರಟ ಚಳವಳಿಯ ಪತ್ರಿಕೆಯಲ್ಲಿ. ಫಿಶರ್ ಆ ಚಳವಳಿಯ ಬೆಂಬಲಿಗರಾಗಿದ್ದರು. ನಿಸರ್ಗದಲ್ಲಿ ಇಲ್ಲದ ಅಂಕಪಟ್ಟಿಯನ್ನು ಮನುಷ್ಯರ ಮೇಲೆ ಹೇರಿದ ಆ ಚಿಂತನೆ ಹಲವು ದೇಶಗಳಲ್ಲಿ ಬಲವಂತದ ಸಂತಾನಹರಣಕ್ಕೆ ದಾರಿ ಮಾಡಿತು. ನಿಮ್ಮ ಮಗಳು ಇನ್ನು ಕೆಲವೇ ವರ್ಷಗಳಲ್ಲಿ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕುಳಿತು, ಯಾರಿಗೆ ಸಾಲ ಕೊಡಬಹುದು, ಯಾರ ಅರ್ಜಿ ಮುಂದಕ್ಕೆ ಹೋಗಬಹುದು ಎಂದು ಯಂತ್ರಕ್ಕೆ ಕಲಿಸುವ ಅಂಕಗಳನ್ನು ಬರೆಯಬಹುದು. ಅಂಕ ಕೊಡುವವರು ಯಾರು ಎಂಬ ನಿಮ್ಮ ಪ್ರಶ್ನೆಗೆ ಆಗ ಅವಳ ಹೆಸರೇ ಉತ್ತರವಾಗುತ್ತದೆ. ಅದಕ್ಕಾಗಿ ಅವಳಿಗೆ ಇದು ಬೇಕು.

ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಟಿಯೆರಾದಂಥ ಅಂಕವಿಲ್ಲದ ಒಂದು ಲೋಕವನ್ನೂ ಅಂಕವಿರುವ ಇನ್ನೊಂದನ್ನೂ ಬರೆದು ಅಕ್ಕಪಕ್ಕದಲ್ಲಿ ಓಡಿಸಲಿ. ಮನೆಯ ಲ್ಯಾಪ್‌ಟಾಪೇ ಧಾರಾಳ. ಪಿಸಿಎಂಬಿ ಓದಿದ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಳ್ಳಲಿ. ಕಂಡದ್ದನ್ನು ಇಬ್ಬರೂ ಕನ್ನಡದಲ್ಲಿ ಬರೆದು ಕಳುಹಿಸಿದರೆ ಪ್ರಕಟಿಸಲು ನಮಗೆ ಸಂತೋಷ.

— ಸಂಪಾದಕ