ಕೀಬೋರ್ಡ್ ವಾದಕನೂ ಆಸ್ಪತ್ರೆಯ ತಂತ್ರಾಂಶವೂ: ಅಣ್ಣನ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಅಣ್ಣ ತೀರಿಕೊಂಡು ವರ್ಷವಾಗುತ್ತಾ ಬಂತು. ಹದಿನೈದು ವರ್ಷ ವಾದ್ಯವೃಂದಗಳಲ್ಲಿ ಕೀಬೋರ್ಡ್ ನುಡಿಸಿದವನು, ಆಮೇಲೆ ಕಂಪ್ಯೂಟರ್ ಕಲಿತು, ಆಸ್ಪತ್ರೆಯ ಯಂತ್ರಗಳನ್ನು ರೋಗಿಗಳ ದಾಖಲೆಗಳೊಂದಿಗೆ ಜೋಡಿಸುವ ತಂತ್ರಾಂಶದ ಕೆಲಸಕ್ಕೆ ಸೇರಿ, ಕೊನೆಯವರೆಗೂ ಅಲ್ಲಿಯೇ ಇದ್ದ. ಮನೆಯವರು ತರುತ್ತಿರುವ ನೆನಪಿನ ಪುಸ್ತಿಕೆಗೆ ನಾನು ಅವನ ಬದುಕನ್ನು ಬರೆಯಬೇಕಾಗಿದೆ. ಸಂಗೀತದ ಗೆಳೆಯರು ‘ಅವನು ಸಂಗೀತ ಬಿಟ್ಟುಹೋದ’ ಎನ್ನುತ್ತಾರೆ. ಸಹೋದ್ಯೋಗಿಗಳು ಅವನ ಕೆಲಸವನ್ನು ಹೊಗಳುತ್ತಾರೆ, ಆದರೆ ಅವರ ವಿವರಣೆ ನನಗೆ ಅರ್ಥವಾಗುವುದಿಲ್ಲ. ಇವೆರಡನ್ನೂ ಒಂದೇ ಬರಹದಲ್ಲಿ ಹೇಗೆ ತರಲಿ?

ಉತ್ತರ: ಗೆಳೆಯರ ‘ಬಿಟ್ಟುಹೋದ’ ಎಂಬ ಮಾತನ್ನು ಒಪ್ಪುವ ಮುನ್ನ, ಕೀಬೋರ್ಡ್ ವಾದಕರಾಗಿ ನಿಮ್ಮ ಅಣ್ಣನಿಗೆ ಏನೇನು ಕೈವಶವಾಗಿತ್ತು ಎಂಬುದನ್ನು ಸ್ವಲ್ಪ ನೋಡಿ. ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ಧ್ವನಿಯಂತ್ರವನ್ನು ನುಡಿಸುವುದು ಒಂದು ಕಾಲಕ್ಕೆ ದೊಡ್ಡ ತಲೆನೋವಾಗಿತ್ತು. 1983ರಲ್ಲಿ ‘ಮಿಡಿ’ ಎಂಬ ಸಾಮಾನ್ಯ ಕಟ್ಟಳೆ ಬಂದ ಮೇಲೆ ಆ ತೊಡಕು ಬಗೆಹರಿಯಿತು. ಮಿಡಿ ತಂತಿಯಲ್ಲಿ ಹರಿಯುವುದು ನಾದವಲ್ಲ, ಬರೀ ಸೂಚನೆ: ಯಾವ ಮನೆಯನ್ನು ಒತ್ತಿದರು, ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು. ಪ್ರತಿ ಮನೆಗೂ 0ಯಿಂದ 127ರವರೆಗಿನ ಒಂದು ಸಂಖ್ಯೆಯಿದ್ದು, ಕೀಬೋರ್ಡಿನ ನಡುವಿನ ‘ಸಿ’ ಸ್ವರಕ್ಕೆ 60 ಎಂಬುದು ಗೊತ್ತಾದ ಸಂಖ್ಯೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಎರಡು ವಾದ್ಯಗಳು ಮಾತಾಡದೆ ಕುಳಿತರೆ, ವೇದಿಕೆಯ ಹಿಂದೆ ಬಗ್ಗಿ ತಂತಿಯನ್ನೂ, ಸೂಚನೆ ಯಾವ ವಾದ್ಯಕ್ಕೆ ಎಂದು ಗುರುತಿಸುವ ಚಾನೆಲ್ ಸಂಖ್ಯೆಯನ್ನೂ ಪರೀಕ್ಷಿಸುವವನು ಕೀಬೋರ್ಡಿನವನೇ.

ಆಸ್ಪತ್ರೆಯಲ್ಲಿ ಅವರು ಮಾಡಿದ್ದೂ ಹೆಚ್ಚುಕಡಿಮೆ ಇದೇ ಜಾತಿಯ ಕೆಲಸ. ರಕ್ತ ಪರೀಕ್ಷಿಸುವ ಯಂತ್ರ ಒಂದು ಕಂಪನಿಯದು, ರೋಗಿಯ ದಾಖಲೆಯ ತಂತ್ರಾಂಶ ಮತ್ತೊಂದರದು. ಇವು ಒಂದಕ್ಕೊಂದು ಸಂದೇಶ ಕಳಿಸಲು 1987ರಲ್ಲಿ ಆರಂಭವಾದ ‘ಎಚ್‌ಎಲ್ ಸೆವೆನ್’ ಸಂಸ್ಥೆಯ ಕಟ್ಟಳೆಗಳು ಇಂದಿಗೂ ಬಳಕೆಯಲ್ಲಿವೆ. ಅದರ ಹಳೆಯ ಬಗೆಯ ಒಂದು ಮಾದರಿ ಸಂದೇಶವನ್ನು ಸಹೋದ್ಯೋಗಿಗಳಿಂದ ಕೇಳಿ ಪಡೆಯಿರಿ. ಕಲ್ಪಿತ ಹೆಸರಿನದೇ ಆಗಿರಲಿ. ಕೆಲವು ಸಾಲುಗಳ ಪಠ್ಯ ಅದು. ಪ್ರತಿ ಸಾಲೂ ಮೂರು ಅಕ್ಷರಗಳ ಗುರುತಿನಿಂದ ಆರಂಭವಾಗುತ್ತದೆ: ‘ಪಿಐಡಿ’ ಎಂದರೆ ಈ ರೋಗಿ ಯಾರು, ‘ಓಬಿಎಕ್ಸ್’ ಎಂದರೆ ಪರೀಕ್ಷೆಯಲ್ಲಿ ಕಂಡದ್ದೇನು. ಮಾಹಿತಿಗಳ ನಡುವೆ, ಸ್ವರಲಿಪಿಯಲ್ಲಿ ತಾಳದ ಭಾಗಗಳನ್ನು ಬೇರ್ಪಡಿಸುವಂತೆ, ನಿಂತ ಗೆರೆಗಳಿರುತ್ತವೆ. ಒಂದು ಗೆರೆ ತಪ್ಪಿದರೆ ಆ ಸಾಲಿನ ಮುಂದಿನ ಮಾಹಿತಿಯೆಲ್ಲ ಒಂದೊಂದು ಮನೆ ಸರಿಯುತ್ತದೆ. ಗುರುತಿನ ಸಂಖ್ಯೆ ತಪ್ಪಿದರೆ ಒಬ್ಬರ ಫಲಿತಾಂಶ ಇನ್ನೊಬ್ಬರ ದಾಖಲೆಯಲ್ಲಿ ಕೂರುತ್ತದೆ. ವೇದಿಕೆಯ ಮೇಲೆ ತಪ್ಪಿದ ಸ್ವರ ಕೇಳುಗರ ಕಿವಿಗೆ ಬಿದ್ದೇಬೀಳುತ್ತದೆ, ಇಲ್ಲಿ ತಪ್ಪಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಈ ವ್ಯತ್ಯಾಸವನ್ನು ನೀವು ಓದುಗರಿಗೆ ಮುಟ್ಟಿಸಿದರೆ, ‘ಆರೋಗ್ಯ ತಂತ್ರಜ್ಞಾನ ಕ್ಷೇತ್ರದಲ್ಲಿ ಅಪಾರ ಸೇವೆ’ ಎಂಬ ಸವಕಲು ಸಾಲು ಬೇಕಾಗುವುದಿಲ್ಲ.

ಅವರು ವಾರ್ಡುಗಳಲ್ಲಿಯೂ ಓಡಾಡಿದವರಾಗಿದ್ದರೆ ಸಹೋದ್ಯೋಗಿಗಳನ್ನು ಇನ್ನೊಂದು ಸಂಗತಿ ಕೇಳಿ: ಯಂತ್ರಗಳ ಸದ್ದಿನ ಬಗ್ಗೆ ಅವರು ಏನಾದರೂ ಹೇಳುತ್ತಿದ್ದರೇ? ಶಸ್ತ್ರಚಿಕಿತ್ಸೆಯ ಕೋಣೆಯ ಪಲ್ಸ್ ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ಇಳಿದಂತೆ ತನ್ನ ಮಿಡಿತದ ಸದ್ದಿನ ಶ್ರುತಿಯನ್ನೂ ಇಳಿಸುತ್ತದೆ. ಅರಿವಳಿಕೆ ವೈದ್ಯರು ಪರದೆಯತ್ತ ತಿರುಗದೆಯೇ ಅಪಾಯವನ್ನು ಕಿವಿಯಿಂದ ತಿಳಿಯುತ್ತಾರೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ವೈದ್ಯಕೀಯ ಉಪಕರಣಗಳ ಎಚ್ಚರಿಕೆಯ ಸದ್ದಿಗಾಗಿ ಅಂತರರಾಷ್ಟ್ರೀಯ ಕಟ್ಟಳೆಯೊಂದು ಪುಟ್ಟ ಪುಟ್ಟ ಸ್ವರಗುಚ್ಛಗಳನ್ನು ಸೂಚಿಸಿತ್ತು. ಅವು ಒಂದನ್ನೊಂದು ಹೋಲುತ್ತಿದ್ದವು, ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ ಎಂಬ ದೂರು ಬಂದು, 2020ರ ತಿದ್ದುಪಡಿಯಲ್ಲಿ ಬೇರೆ ಬಗೆಯ ಸದ್ದುಗಳನ್ನು ಸೇರಿಸಬೇಕಾಯಿತು. ಇಂಥದ್ದರ ಬಗ್ಗೆ ಸಂಗೀತಗಾರನೊಬ್ಬ ಗೊಣಗದೆ ಇದ್ದಿರಲಾರ. ಆ ಗೊಣಗಾಟ ಯಾರಿಗಾದರೂ ನೆನಪಿದ್ದರೆ ಅದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

ಆದರೆ ಹೋಲಿಕೆಯನ್ನು ಇಲ್ಲದ ಕಡೆಗೆ ಎಳೆಯಬೇಡಿ. ಸ್ಟೆತೊಸ್ಕೋಪಿನ ಮೊದಲ ರೂಪವನ್ನು 1816ರಲ್ಲಿ ಕಂಡುಕೊಂಡ ಫ್ರೆಂಚ್ ವೈದ್ಯ ಲೆನೆಕ್ ಕೊಳಲು ನುಡಿಸುತ್ತಿದ್ದರು ಎಂದು ಯಾರಾದರೂ ನಿಮಗೆ ಹೇಳಬಹುದು. ಸೊಗಸಾದ ಸಂಗತಿಯೇ, ಆದರೆ ನಿಮ್ಮ ಬರಹದಲ್ಲಿ ಅದಕ್ಕೆ ಜಾಗವಿಲ್ಲ. ಓದುಗರು ಬರುವುದು ನಿಮ್ಮ ಅಣ್ಣನಿಗಾಗಿ. ಹಾಗೆಯೇ, ಗೆಳೆಯರ ಮಾತಿನಲ್ಲಿ ಸತ್ಯವೇ ಇಲ್ಲವೆಂದೂ ತಳ್ಳಿಹಾಕಬೇಡಿ. ವಾರದ ಐದು ದಿನ ಪರದೆಯ ಮುಂದೆ ಕಳೆದವನ ಬೆರಳಿನ ವೇಗ ಕುಗ್ಗುತ್ತದೆ, ಕರೆಗಳು ನಿಲ್ಲುತ್ತವೆ. ಬಹುಶಃ ಅವರು ಸಂಬಳಕ್ಕಾಗಿಯೇ ಹೋದರು, ಬಹುಶಃ ಅದು ಅವರನ್ನು ಕಾಡಿತು. ನಿಮಗೆ ಗೊತ್ತಿದ್ದರೆ ಒಂದೇ ವಾಕ್ಯದಲ್ಲಿ ನೇರವಾಗಿ ಬರೆಯಿರಿ, ಗೊತ್ತಿಲ್ಲದಿದ್ದರೆ ಅವರ ಪರವಾಗಿ ಸಮಾಧಾನ ಹೇಳಲು ಹೋಗಬೇಡಿ.

ಅವರ ಲ್ಯಾಪ್‌ಟಾಪಿನಲ್ಲಿ ಕೆಲಸದ ಕಡತಗಳಿದ್ದರೆ ಅವನ್ನು ತೆರೆಯದೆ ಸಂಸ್ಥೆಗೆ ಒಪ್ಪಿಸಿ, ಏಕೆಂದರೆ ಅವುಗಳಲ್ಲಿ ರೋಗಿಗಳ ವಿವರಗಳಿರಬಹುದು. ಸಂಗೀತದ ಕಡತಗಳ ವಿಷಯ ಬೇರೆ. ಅವರು ನುಡಿಸಿದ್ದು ಮಿಡಿ ಕಡತವಾಗಿ ಉಳಿದಿದ್ದರೆ, ಆಮೇಲೆ ತಿದ್ದಿರದ ಪಕ್ಷದಲ್ಲಿ, ಪ್ರತಿ ಸ್ವರದ ರಭಸವೂ ಅವಧಿಯೂ ಅದರಲ್ಲಿ ಅಂಕಿಗಳಾಗಿ ದಾಖಲಾಗಿರುತ್ತವೆ. ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆಯಿರಿ. ಅವರ ಬೆರಳು ಯಾವ ಮನೆಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತ್ತು ಎಂಬುದು ಅಲ್ಲಿ ಕಾಣಿಸುತ್ತದೆ.