ಪ್ರತಿಕ್ರಿಯೆ: ‘ಖಾತೆ ಬದಲಾಗಿದೆ’ ಎಂಬ ಇಮೇಲ್

ಸದ್ಯಕ್ಕೆ ಹಣ ಕಳಿಸಬೇಡಿ. ನಿಮಗೆ ಸರಕು ಪೂರೈಸುವವರಿಂದ ‘ನಮ್ಮ ಖಾತೆ ಬದಲಾಗಿದೆ, ಹೊಸ ಖಾತೆಗೆ ಇವತ್ತೇ ಕಟ್ಟಿ’ ಎಂಬ ಇಮೇಲ್ ಬಂದಿದೆ; ವಿಳಾಸ ಸರಿಯಾಗಿಯೇ ಇದೆ, ಆ ಹೊಸ ಬ್ಯಾಂಕ್ ಖಾತೆಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಂಬುವಂತಿಲ್ಲ. ಅವರ ಪಾಸ್‌ವರ್ಡ್ ಕದ್ದವನು ಅವರದೇ ಇಮೇಲ್‌ನೊಳಗೆ ಕೂತು, ಹಳೇ ಬಿಲ್ಲುಗಳನ್ನೆಲ್ಲ ಓದಿ, ನೀವು ಹಣ ಕಟ್ಟುವ ಹೊತ್ತಿಗೆ ಸರಿಯಾಗಿ ಬರೆದಿರಬಹುದು. ವಿಳಾಸವನ್ನೂ ಇನ್ನೊಮ್ಮೆ ಅಕ್ಷರ ಬಿಡಿಸಿ ನೋಡಿ: ಇಂಗ್ಲಿಷಿನ ಆರ್, ಎನ್ ಪಕ್ಕಪಕ್ಕ ಬಂದರೆ ಎಷ್ಟೋ ಸಲ ಎಂ ಥರವೇ ಕಾಣುತ್ತವೆ.

ಅವರಿಗೆ ಫೋನ್ ಮಾಡಿ. ಆ ಇಮೇಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ. (‘ಇವತ್ತೇ ಕಟ್ಟಿ’ ಎಂಬ ಅವಸರ ನೋಡಿಯೇ ನನಗೆ ಅನುಮಾನ.)

ನಿಮ್ಮ ಇಮೇಲ್ ಸೆಟ್ಟಿಂಗ್ಸಿನಲ್ಲೂ ನೀವು ಹಾಕದ ಫಾರ್ವರ್ಡಿಂಗ್ (ನಿಮಗೆ ಬಂದ ಇಮೇಲನ್ನು ತಾನಾಗಿ ಬೇರೆ ವಿಳಾಸಕ್ಕೂ ಕಳಿಸುವ ಏರ್ಪಾಡು) ಇದೆಯೇ ನೋಡಿ; ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿದಿರಬಹುದು. ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡ್‌ನಂಥ ಇನ್ನೊಂದು ಗುರುತನ್ನೂ ಕೇಳುವುದು) ಇಲ್ಲದಿದ್ದರೆ ಹಾಕಿ. ಹಣ ಆಗಲೇ ಹೋಗಿದ್ದರೆ ತಕ್ಷಣ ಬ್ಯಾಂಕಿಗೆ ತಿಳಿಸಿ, ಉಳಿದದ್ದು ಆಮೇಲೆ.