ಹಳೇ ಕಂಪ್ಯೂಟರ್: ಸಾಮಾನು ಹಾಕಿಸೋದಾ, ಹೊಸದು ತರೋದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಲೆಕ್ಕಪತ್ರ ನಾನೇ ನೋಡಿಕೊಳ್ಳುತ್ತೇನೆ. 2017ರಲ್ಲಿ ತಗೊಂಡ ಡೆಸ್ಕ್‌ಟಾಪ್ ಇದೆ. ಬಿಲ್ಲಿನಲ್ಲಿ ಐ3-7100, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಅಂತ ಬರೆದಿದೆ. ಟ್ಯಾಲಿ, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಪಟ್ಟಿ), ಜಿಎಸ್‌ಟಿ, ಬ್ಯಾಂಕ್ ಎಲ್ಲ ಇದರಲ್ಲೇ. ಸಂಜೆ ಮಗಳ ಓದಿಗೂ ಇದೇ. ಈಗ ಆನ್ ಆಗುವುದಕ್ಕೇ ಐದಾರು ನಿಮಿಷ ಬೇಕು. ಬಟವಾಡೆ ದಿನವಂತೂ ಆಳುಗಳನ್ನು ಕಾಯಿಸಬೇಕಾಗುತ್ತದೆ. ವಿಂಡೋಸ್ 10 ಮುಗಿಯಿತು ಅಂತ ಬೇರೆ ಬರುತ್ತಿದೆ. ಅಂಗಡಿಯವರು 'ಇಷ್ಟು ವರ್ಷ ಆಯ್ತಲ್ಲ, ಹೊಸದೇ ತಗೊಳ್ಳಿ' ಅನ್ನುತ್ತಾರೆ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕಂಪ್ಯೂಟರ್ ನಿಧಾನ ಆಗಿರುವುದು ಒಂದು. ವಿಂಡೋಸ್ 10ರ ವಿಷಯ ಇನ್ನೊಂದು. ಮೊದಲನೆಯದಕ್ಕೆ ಒಂದು ಸಣ್ಣ ಸಾಮಾನು ಸಾಕು. ಎರಡನೆಯದಕ್ಕೆ ಏನು ಸಾಮಾನು ಹಾಕಿದರೂ ಪ್ರಯೋಜನ ಇಲ್ಲ. ಇವೆರಡನ್ನೂ ಬೇರೆ ಬೇರೆ ಮಾಡಿಕೊಳ್ಳದೆ ದುಡ್ಡು ಬಿಚ್ಚಬೇಡಿ.

ನಿಧಾನದ್ದು ಮೊದಲು ನೋಡೋಣ. ಕಂಪ್ಯೂಟರಿಗೆ ಎಷ್ಟು ವಯಸ್ಸಾಯಿತು ಅಂತ ನಾನು ಕೊನೆಗೆ ಕೇಳುತ್ತೇನೆ. ಅದು ಯಾವುದಕ್ಕೆ ಕಾಯುತ್ತಾ ಕೂತಿದೆ ಅನ್ನುವುದನ್ನು ಮೊದಲು ನೋಡುತ್ತೇನೆ. ಇದನ್ನು ಮನೆಯಲ್ಲೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವುದನ್ನು ಒತ್ತಿದರೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲಾಗಿ ಕಾಣುತ್ತವೆ. ದಿನಾ ಮಾಡುವ ಹಾಗೆ ಟ್ಯಾಲಿ ತೆರೆಯಿರಿ, ಬ್ರೌಸರ್ ತೆರೆಯಿರಿ. ಹತ್ತು ನಿಮಿಷ ಆ ಅಂಕಿಗಳ ಮೇಲೆ ಕಣ್ಣಿಡಿ. ನಿಮ್ಮದರಲ್ಲಿ ಡಿಸ್ಕ್ 100ಕ್ಕೆ ಹೋಗಿ ಅಲ್ಲೇ ನಿಂತಿರುತ್ತದೆ, ಸಿಪಿಯುಗೆ ಅಷ್ಟೇನೂ ಕೆಲಸ ಇರುವುದಿಲ್ಲ ಅಂತ ನನ್ನ ಅಂದಾಜು.

ಯಾಕೆ ಹೀಗೆ? ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತಿರುತ್ತವೆ. ಒಂದು ಪುಟ್ಟ ಕೈ ಅದರ ಮೇಲೆ ಓಡಾಡಿ ಬೇಕಾದ ಜಾಗ ಹುಡುಕಬೇಕು. ಒಂದು ಸಲ ಹುಡುಕಲು ಸುಮಾರು 10 ಮಿಲಿಸೆಕೆಂಡ್. ಕೇಳಲು ಏನೂ ಅಲ್ಲ. ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದುತ್ತದೆ, ಪ್ರತಿ ಸಲವೂ ಈ ಹುಡುಕಾಟ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಅಂತ ಇದೆ, ಅದು ಬರೀ ಚಿಪ್ಪುಗಳ ಡಿಸ್ಕ್. ಅದರಲ್ಲಿ ತಿರುಗುವ ವಸ್ತುವೇ ಇಲ್ಲ. ಅಲ್ಲಿ ಈ ಕೆಲಸ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ನಿಮ್ಮ 4 ಜಿಬಿ ರ‍್ಯಾಮ್ ತುಂಬಿದಾಗ ಉಳಿದದ್ದನ್ನೂ ವಿಂಡೋಸ್ ಅದೇ ಡಿಸ್ಕ್ ಮೇಲೆ ಇಡುತ್ತದೆ. ಮೊದಲೇ ಏದುಸಿರು ಬಿಡುತ್ತಿರುವವರ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ.

ಹಾಗಾಗಿ 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು ಹಾಕಿಸಿ. ಆನ್ ಆಗುವುದಕ್ಕೆ ನಿಮಿಷಗಳ ಬದಲು ಸೆಕೆಂಡುಗಳ ಲೆಕ್ಕ ಬರುತ್ತದೆ. ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಫೋಟೊ ಇಡಲು ಒಳಗೇ ಇರಲಿ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದರೆ ಒಳ್ಳೆಯದು. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ತುಂಬಾ ಏರಿದೆ. ಎಐ ಡೇಟಾ ಸೆಂಟರುಗಳಿಗೇ ಮೆಮೊರಿ ಚಿಪ್ಪು ಜಾಸ್ತಿ ಹೋಗುತ್ತಿದೆ. ಬಳಸಿದ ಸ್ಟಿಕ್ ಗ್ಯಾರಂಟಿ ಜೊತೆ ಸಿಕ್ಕರೆ ಸಾಕು. ರ‍್ಯಾಮಿನಲ್ಲಿ ಬೇರೆ ಬೇರೆ ಜಾತಿ ಇವೆ. ನಿಮ್ಮ ಪ್ರೊಸೆಸರ್ ಡಿಡಿಆರ್4 ಜೊತೆಗೂ ನಡೆಯುತ್ತದೆ, ಡಿಡಿಆರ್3ಎಲ್ ಜೊತೆಗೂ ನಡೆಯುತ್ತದೆ. ಬೋರ್ಡ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಅದಕ್ಕೆ ಈಗಿರುವ ಸ್ಟಿಕ್ಕಿನ ಚೀಟಿಯ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಡಿಸ್ಕ್ ಬದಲಿಸುವಾಗ ಕೆಲವರು ವಿಂಡೋಸ್ ಕೀ ಅಂತ ಬೇರೆ ದುಡ್ಡು ಕೇಳುತ್ತಾರೆ. ನಿಮ್ಮ ವಿಂಡೋಸ್ 10 ಅಸಲಿ ಆಗಿದ್ದರೆ ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಸೇರಿಕೊಂಡಿರುತ್ತದೆ. ಹೊಸ ಕೀ ಬೇಕಿಲ್ಲ. ಮತ್ತೆ, ಸಿಪಿಯು ಡಬ್ಬ ಅಂಗಡಿಗೆ ಕಳಿಸುವ ಹಿಂದಿನ ದಿನ ಟ್ಯಾಲಿಯ ಬ್ಯಾಕಪ್ ಎರಡು ಪೆನ್ ಡ್ರೈವ್‌ಗೆ ತೆಗೆದಿಡಿ. ಎರಡು ಅಂತ ಸುಮ್ನೆ ಹೇಳುತ್ತಿಲ್ಲ. ಒಂದೇ ಪೆನ್ ಡ್ರೈವ್ ನಂಬಿ ವರ್ಷದ ಲೆಕ್ಕ ಕಳೆದುಕೊಂಡವರನ್ನು ನನ್ನ ಮೇಜಿನ ಮುಂದೆ ನೋಡಿದ್ದೇನೆ.

ಈಗ ಎರಡನೆಯದು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಡೆಯುತ್ತದೆ, ಆದರೆ ಹೊಸದಾಗಿ ಸಿಕ್ಕ ತೂತುಗಳಿಗೆ ತೇಪೆ ಬರುವುದಿಲ್ಲ. ಬ್ಯಾಂಕ್ ಪಾಸ್‌ವರ್ಡ್ ಹಾಕುವ ಯಂತ್ರಕ್ಕೆ ಇದು ಸಣ್ಣ ವಿಷಯ ಅಲ್ಲ. ಇಎಸ್‌ಯು ಅನ್ನುವ ವ್ಯವಸ್ಥೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಬಹುದು. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಕೊಡಬೇಕಿಲ್ಲ.

ವಿಂಡೋಸ್ 11 ಹಾಕಬಹುದಲ್ವಾ ಅಂತ ಕೇಳುತ್ತೀರಿ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಯಂತ್ರದಲ್ಲಿ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಐ3-7100ರಲ್ಲಿ ಗೆರೆ ಆದ ಮೇಲಿನ 7 ಇದೆಯಲ್ಲ, ಅದೇ ತಲೆಮಾರು. ಒಂದೇ ಮೆಟ್ಟಿಲು ಕೆಳಗೆ ಉಳಿದುಬಿಟ್ಟಿದೆ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ತೋಟದ ಲೆಕ್ಕ ಇರುವ ಯಂತ್ರಕ್ಕೆ ಅದು ಬೇಡವೇ ಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಈಗ ಎಸ್‌ಎಸ್‌ಡಿ ಹಾಕಿಸಿ ಇಎಸ್‌ಯುಗೆ ಸೇರುತ್ತಿದ್ದೆ. 2026ರ ಅಕ್ಟೋಬರ್ ಒಳಗೆ ಲೆಕ್ಕಕ್ಕೆ ಬೇರೆ ಕಂಪ್ಯೂಟರ್ ತರುತ್ತಿದ್ದೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿಯುತ್ತದೆ. ಕೊಯ್ಲು ಶುರುವಾದ ಮೇಲೆ ಕಂಪ್ಯೂಟರ್ ಬದಲಿಸುವ ತಾಪತ್ರಯ ಯಾರಿಗೂ ಬೇಡ. ಹೊಚ್ಚ ಹೊಸದೇ ಆಗಬೇಕು ಅಂತಿಲ್ಲ. ಕಂಪನಿಗಳು ಬಳಸಿ ಬಿಟ್ಟ 8ನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ಬಿಲ್ ಮತ್ತು ವಾರಂಟಿ ಸಮೇತ ಸಿಕ್ಕರೆ ಟ್ಯಾಲಿಗೆ ಧಾರಾಳ ಆಯಿತು. ಅಂಗಡಿಯವರು ಬರೀ 'ಐ5' ಅಂದರೆ ಒಪ್ಪಬೇಡಿ, ಪೂರ್ತಿ ನಂಬರ್ ಕೇಳಿ. ಈಗಿನ ಡಬ್ಬ ಮಗಳ ಓದಿಗೆ ಇರಲಿ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ವ್ಯವಸ್ಥೆ ಹಾಕಿದರೆ ಅಪ್‌ಡೇಟ್ ಪುಕ್ಕಟೆ ಬರುತ್ತಿರುತ್ತದೆ, ಕನ್ನಡ ಟೈಪಿಂಗೂ ಆಗುತ್ತದೆ. ಟ್ಯಾಲಿ ಲಿನಕ್ಸ್ ಮೇಲೆ ನೇರವಾಗಿ ನಡೆಯುವುದಿಲ್ಲ. ಅದಕ್ಕೇ ಲೆಕ್ಕಕ್ಕೆ ಬೇರೆ ಯಂತ್ರ ಅಂದೆ.

ಇಷ್ಟರ ನಡುವೆ ಮದರ್‌ಬೋರ್ಡ್ ಏನಾದರೂ ಕೈಕೊಟ್ಟರೆ ಅದನ್ನು ರಿಪೇರಿ ಮಾಡಿಸಲು ಹೋಗಬೇಡಿ. ಅಷ್ಟೇ ಕೆಲಸ ಮಾಡುವ ಇನ್ನೊಂದು ಯಂತ್ರದ ಬೆಲೆಯ ಅರ್ಧಕ್ಕಿಂತ ರಿಪೇರಿ ಜಾಸ್ತಿ ಆದರೆ ನಾನು ಕೈಬಿಡುತ್ತೇನೆ.

ಮೂಡಿಗೆರೆ ಅಂದಮೇಲೆ ಮಳೆಯ ಮಾತು ಹೇಳದೆ ಹೋಗಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ ಬೋರ್ಡಿನ ಮೇಲೆ ಕೂರುತ್ತದೆ. ರ‍್ಯಾಮ್ ಸ್ಟಿಕ್ಕಿನ ಹಿತ್ತಾಳೆ ಬಣ್ಣದ ಅಂಚು ಮಂಕಾಗುತ್ತದೆ, ಕಂಪ್ಯೂಟರ್ ಆನ್ ಆಗದೆ ಬೀಪ್ ಅನ್ನುತ್ತದೆ. ಜನ ಯಂತ್ರ ಸತ್ತೇಹೋಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸ್ಟಿಕ್ ತೆಗೆದು, ಅಂಚನ್ನು ಮೆತ್ತಗೆ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಡಬ್ಬವನ್ನು ನೆಲದ ಮೇಲೆ ಇಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಅದರ ಜೊತೆ ಇಂಟರ್‌ನೆಟ್‌ನ ಲ್ಯಾನ್ ವೈರನ್ನೂ ಕೀಳಬೇಕು. ಸಿಡಿಲಿನ ಹೊಡೆತ ಆ ವೈರಿನಿಂದಲೂ ಬೋರ್ಡಿಗೆ ಬರುತ್ತದೆ.

ಸಕಲೇಶಪುರದ ನಮ್ಮ ಅಣ್ಣನ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇಪ್ಪತ್ತು ನಿಮಿಷಕ್ಕೆ ತಾನಾಗೇ ಆಫ್ ಆಗುತ್ತಿತ್ತು. ಒಳಗೆ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಹೋಗಿದೆ ಅಂತ ನಾನೇ ಹೊಸದು ಹಾಕಿಸಿದೆ. ಆಗಲೂ ಆಫ್ ಆಯಿತು. ಆಮೇಲೆ ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು, ಪ್ರೊಸೆಸರ್ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಅಣ್ಣನ ದುಡ್ಡು ದಂಡ ಆಯಿತಲ್ಲ ಅಂತ ಈಗಲೂ ಬೇಜಾರು. ಅಂದಿನಿಂದ ಯಾವ ಸಾಮಾನು ಬದಲಿಸುವ ಮೊದಲೂ ಡಬ್ಬ ಬಿಚ್ಚಿ ಧೂಳು ತೆಗೆಯುತ್ತೇನೆ. ನಿಮ್ಮದಕ್ಕೂ ಎಸ್‌ಎಸ್‌ಡಿ ಹಾಕುವಾಗಲೇ ಅದನ್ನು ಮಾಡಿಸಿ.

ಪ್ರಶ್ನೆ: ಬೇಲೂರಿನಲ್ಲಿ ಡಿಟಿಪಿ ಅಂಗಡಿ ನನ್ನದು. ವಿಂಡೋಸ್ 7 ಕಂಪ್ಯೂಟರಿನಲ್ಲಿ ಪೇಜ್‌ಮೇಕರ್, ಹಳೇ ನುಡಿ ಫಾಂಟ್. ಹದಿನೈದು ವರ್ಷದ ಲಗ್ನಪತ್ರಿಕೆ, ಕರಪತ್ರ ಎಲ್ಲ ಅದರಲ್ಲಿವೆ. ಬದಲಿಸಿದರೆ ಹಳೇ ಫೈಲ್ ತೆರೆಯದೆ ಹೋದರೆ ಅಂತ ಭಯ.

ಉತ್ತರ: ಭಯ ನ್ಯಾಯವಾದದ್ದೇ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಫೈಲ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ನಿಮಗೆ ನನ್ನ ಸಲಹೆ: ಹಳೆಯದನ್ನು ತೆಗೆಯಬೇಡಿ, ಅದರ ಇಂಟರ್‌ನೆಟ್ ತೆಗೆಯಿರಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ಮುಗಿದಿದೆ. ಇಮೇಲ್, ವಾಟ್ಸ್‌ಆ್ಯಪ್‌ನಿಂದ ಬರುವ ಫೈಲುಗಳಿಗೆ ಬೇರೆ ಕಂಪ್ಯೂಟರ್ ಇಡಿ. ಗಿರಾಕಿಗಳ ಪೆನ್ ಡ್ರೈವ್ ಕೂಡ ಮೊದಲು ಅದಕ್ಕೇ ಹಾಕಿ, ವೈರಸ್ ನೋಡಿ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ಹಳೇ ಹಾರ್ಡ್ ಡಿಸ್ಕನ್ನು ಹಾಗೆಹಾಗೇ ಒಂದು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ. ವಿಂಡೋಸ್, ಪೇಜ್‌ಮೇಕರ್, ಫಾಂಟ್ ಎಲ್ಲ ಇದ್ದ ಹಾಗೇ ಬರುತ್ತವೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಈ ವಾರದವರೆಗೂ ಕಾಯಬೇಡಿ, ಈಗಲೇ ಆಫ್ ಮಾಡಿ ತಿಳಿದವರ ಕೈಗೆ ಕೊಡಿ. ಮತ್ತೆ ಮತ್ತೆ ಬೇಕಾಗುವ ಕೆಲಸಗಳನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿಡಿ, ಅವು ಎಲ್ಲಿ ತೆರೆದರೂ ಹಾಗೇ ಕಾಣುತ್ತವೆ. ಬರೀ ಪಠ್ಯ ಬೇಕಾದರೆ ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಇದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಒಮ್ಮೆ ಓದಿ ನೋಡಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಎಷ್ಟು ರಗಳೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. 2020ರ ಲ್ಯಾಪ್‌ಟಾಪ್, ಐ5-10210ಯು, 8 ಜಿಬಿ. ಚಾರ್ಜರ್ ತೆಗೆದರೆ ಅರ್ಧ ಗಂಟೆಯೂ ಬರುವುದಿಲ್ಲ. ಈಚೆಗೆ ಟಚ್‌ಪ್ಯಾಡ್ ಮೇಲೆದ್ದ ಹಾಗಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ. ಹೊಸದು ಕೊಡಿಸಬೇಕಾ?

ಉತ್ತರ: ಈ ಪತ್ರ ಓದಿದ ದಿನವೇ ಅವರಿಗೆ ಫೋನ್ ಮಾಡಿ ಹೇಳಿದೆ. ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಟಚ್‌ಪ್ಯಾಡ್ ಮೇಲೇಳುವುದಕ್ಕೆ ಸಾಮಾನ್ಯ ಕಾರಣ ಅದರ ಕೆಳಗಿನ ಬ್ಯಾಟರಿ ಊದಿಕೊಳ್ಳುವುದು. ಇದು ಬೆಂಕಿಯ ಅಪಾಯ. ಆಫ್ ಮಾಡಿ, ಚಾರ್ಜರ್ ಕೀಳಿ, ಮತ್ತೆ ಚಾರ್ಜ್‌ಗೆ ಹಾಕಬೇಡಿ. ಮುಚ್ಚಳ ಒತ್ತಿ ಮುಚ್ಚಬೇಡಿ. ಹಾಸಿಗೆ ಮೇಲೆ, ಬ್ಯಾಗಿನೊಳಗೆ ಇಡಬೇಡಿ. ಚುಚ್ಚಿ ನೋಡುವ ಸಾಹಸ ಅಂತೂ ಬೇಡ.

ಲ್ಯಾಪ್‌ಟಾಪ್ ಮಾತ್ರ ಒಳ್ಳೆಯದೇ. 10ನೇ ತಲೆಮಾರು, ವಿಂಡೋಸ್ 11 ನಡೆಯುತ್ತದೆ. ಅದೇ ಮಾಡೆಲ್ಲಿನ ಬ್ಯಾಟರಿ, ಆದಷ್ಟು ಕಂಪನಿಯದ್ದೇ, ಹಾಕಿಸಿ. ಓದು ಮುಗಿಯುವವರೆಗೆ ಬರುತ್ತದೆ. ರ‍್ಯಾಮ್ ಜಾಸ್ತಿ ಮಾಡಲು ಸ್ಲಾಟ್ ಇದೆಯಾ, ಇಲ್ಲಾ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಅನ್ನುವುದನ್ನೂ ಬ್ಯಾಟರಿ ಬದಲಿಸಲು ಬಿಚ್ಚಿದಾಗಲೇ ನೋಡಿಸಿ. ಹಳೇ ಬ್ಯಾಟರಿಯನ್ನು ಮನೆಗೆ ತರಬೇಡಿ, ಕಸದ ಗಾಡಿಗೂ ಹಾಕಬೇಡಿ. ಬದಲಿಸಿಕೊಟ್ಟವರ ಹತ್ತಿರವೇ ಬಿಟ್ಟು ಬನ್ನಿ.